ಹುಟ್ಟದ ಮಗುವಿನ ಹೆಸರಲ್ಲಿ ಸಾಲ

2024ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ನಮ್ಮ ಪಕ್ಕದ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಒಂದೇ ವಿಷಯ ಎತ್ತಿದರು. ಆಂಧ್ರದ ಚಂದ್ರಬಾಬು ನಾಯ್ಡು, ವಯಸ್ಸಾದವರ ಸಂಖ್ಯೆ ಏರುತ್ತಿದೆ, ಹೆಚ್ಚು ಮಕ್ಕಳನ್ನು ಹೆರಿ ಎಂದರು. ತಮಿಳುನಾಡಿನ ಸ್ಟಾಲಿನ್ ಚೆನ್ನೈನಲ್ಲಿ ಒಂದು ಸಾಮೂಹಿಕ ಮದುವೆಯಲ್ಲಿ ಮಾತಾಡಿದರು. ಹಿಂದೆ ಹಿರಿಯರು ಹದಿನಾರು ಬಗೆಯ ಸಂಪತ್ತು ಸಿಗಲಿ ಅಂತ ಹರಸುತ್ತಿದ್ದರು, ಈಗ ಲೋಕಸಭಾ ಸ್ಥಾನಗಳು ಕಡಿಮೆಯಾಗುವ ಭಯ ನೋಡಿದರೆ ಹದಿನಾರು ಮಕ್ಕಳನ್ನೇ ಯಾಕೆ ಹೆರಬಾರದು ಅನ್ನಿಸುತ್ತದೆ ಎಂಬ ಅರ್ಥದ ಮಾತು. ಮುಂದಿನ ತಿಂಗಳೇ ಆಂಧ್ರ ತನ್ನ ಹಳೆಯ ಕಾನೂನೊಂದನ್ನು ತೆಗೆದುಹಾಕಿತು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ, ಪುರಸಭೆ ಚುನಾವಣೆಗೆ ನಿಲ್ಲುವಂತಿಲ್ಲ ಅನ್ನುವ ಕಾನೂನು ಅದು. ಡಿಸೆಂಬರ್‌ನಲ್ಲಿ ಆರೆಸ್ಸೆಸ್‌ನ ಮೋಹನ್ ಭಾಗವತ್, ಸಮಾಜ ಉಳಿಯಬೇಕಾದರೆ ಎರಡಕ್ಕಿಂತ ಹೆಚ್ಚು, ಅಂದರೆ ಮೂರು ಮಕ್ಕಳು ಬೇಕು ಎಂದರು.

ಪಕ್ಷ, ಸಿದ್ಧಾಂತ, ಭಾಷೆ ಎಲ್ಲಾ ಬೇರೆ. ಬೇಡಿಕೆ ಮಾತ್ರ ಒಂದೇ. ಆ ಸುದ್ದಿಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಆ ಮಂಟಪದಲ್ಲಿ ಕೂತಿದ್ದ ಮದುಮಗಳಂದಿರು. ತಾಳಿ ಕಟ್ಟಿಸಿಕೊಂಡು ಇನ್ನೂ ಒಂದು ಗಂಟೆಯೂ ಆಗಿರಲಿಕ್ಕಿಲ್ಲ.

ನನಗೆ ಒಬ್ಬಳೇ ಮಗಳು, ಒಂಬತ್ತು ವರ್ಷ. ನಮ್ಮ ಮನೆಯಲ್ಲಿ ಈ ಚರ್ಚೆ ಮುಖ್ಯಮಂತ್ರಿಗಳಿಗಿಂತ ಬಹಳ ಮೊದಲೇ ಶುರುವಾಗಿದೆ. ತಿಪಟೂರಿನ ಕಡೆ ಯಾವ ಮದುವೆಗೆ ಹೋದರೂ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ಇನ್ನೊಂದು ಬೇಡ್ವೇನಮ್ಮಾ? ಆ ಮಗುಗೊಂದು ಜೊತೆ ಬೇಡ್ವಾ?" ನನ್ನ ನಾದಿನಿ ಮತ್ತು ಅವಳ ಗಂಡ ಮಕ್ಕಳೇ ಬೇಡ ಅಂತ ನಿರ್ಧರಿಸಿ ಏಳು ವರ್ಷ ಆಯಿತು. ಅವಳಿಗೆ ಬೇರೆ ಪ್ರಶ್ನೆ: "ಏನಾದ್ರೂ ವಿಶೇಷ ಇದೆಯಾ?" ಈಗೀಗ ಅದನ್ನೂ ಕೇಳುವುದಿಲ್ಲ. ಸುಮ್ನೆ ಒಂದು ನೋಟ ನೋಡಿ, ಕುಕ್ಕೆಗೆ ಹೋಗಿ ಬನ್ನಿ, ಘಾಟಿಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಅನ್ನುತ್ತಾರೆ. ಬೇಡ ಅಂದಿದ್ದನ್ನು ಯಾರೂ ನಂಬುವುದೇ ಇಲ್ಲ. ಆಗಿಲ್ಲ, ಅದಕ್ಕೇ ಹಾಗೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಮೊದಲು ರಾಜ್ಯದ ಲೆಕ್ಕ ನೋಡೋಣ, ಯಾಕೆಂದರೆ ಅದರ ಹಿಂದಿರುವ ಭಯ ಸುಳ್ಳಲ್ಲ. ಜನಸಂಖ್ಯೆ ಹಾಗೇ ಉಳಿಯಬೇಕಾದರೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳು ಹುಟ್ಟಬೇಕು ಅನ್ನುವುದು ಸಾಮಾನ್ಯ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಅದು 2.0, ಬಿಹಾರದಲ್ಲಿ ಸುಮಾರು 3, ಕರ್ನಾಟಕದಲ್ಲಿ 1.7. ಸಂವಿಧಾನದ ಪ್ರಕಾರ ಪ್ರತಿ ಜನಗಣತಿಯ ನಂತರ ಲೋಕಸಭಾ ಸ್ಥಾನಗಳನ್ನು ಜನಸಂಖ್ಯೆಗೆ ತಕ್ಕಂತೆ ಮತ್ತೆ ಹಂಚಬೇಕು. ಹಾಗೆ ಮಾಡಿದರೆ ಕುಟುಂಬ ಯೋಜನೆಯನ್ನು ಚೆನ್ನಾಗಿ ಜಾರಿಗೆ ತಂದ ರಾಜ್ಯಗಳಿಗೇ ನಷ್ಟ. ಅದಕ್ಕೇ 1976ರ 42ನೇ ತಿದ್ದುಪಡಿಯು ರಾಜ್ಯಗಳ ಪಾಲನ್ನು 1971ರ ಜನಗಣತಿಯ ಲೆಕ್ಕಕ್ಕೇ ನಿಲ್ಲಿಸಿತು. ಆಮೇಲೆ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯ ತನಕ ಮುಂದೂಡಿತು. ಆ ಗಡುವು ಈಗ ಬಂದಿದೆ. ಹೇಳಿದ ಮಾತು ಕೇಳಿ ಮಕ್ಕಳನ್ನು ಕಡಿಮೆ ಮಾಡಿಕೊಂಡ ನಾಡಿಗೆ ಅದೇ ಕಾರಣಕ್ಕೆ ದನಿ ಕಡಿಮೆಯಾಗುವುದು ಅನ್ಯಾಯ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ರಾಜ್ಯ ರಾಜ್ಯಗಳ ನಡುವಿನ ಅಧಿಕಾರದ ಜಗಳ. ಸಂಸತ್ತಿನಲ್ಲಿ ಕೂತು ಬಗೆಹರಿಸಬೇಕಾದದ್ದನ್ನು ಹೆರಿಗೆ ವಾರ್ಡಿಗೆ ಕಳಿಸಿದರೆ ಹೇಗೆ? ಐವತ್ತು ವರ್ಷಗಳಲ್ಲಿ ಬೆಳೆದ ಅಂತರವನ್ನು ಇವತ್ತಿನ ಸೊಸೆಯಂದಿರು ಇನ್ನೆರಡು ಹೆತ್ತು ಮುಚ್ಚಲಾರರು. ಮುಚ್ಚಲಾದರೂ ಯಾಕೆ ಮುಚ್ಚಬೇಕು?

ಇದೇ ಸರ್ಕಾರಗಳು, ಅಂದರೆ ಸರ್ಕಾರ ಅನ್ನುವ ಇದೇ ವ್ಯವಸ್ಥೆ, ನಮ್ಮ ಅಮ್ಮ ಅಜ್ಜಿಯರಿಗೆ ಏನು ಹೇಳಿತ್ತು ನೆನಪಿದೆಯಲ್ವಾ? ಕೆಂಪು ತ್ರಿಕೋನ ಬಳಿದ ಗೋಡೆಗಳು. ನಾವಿಬ್ಬರು ನಮಗಿಬ್ಬರು. ಆರತಿಗೊಬ್ಬಳು ಕೀರ್ತಿಗೊಬ್ಬ.

ನಮ್ಮ ನಾಡು ಈ ವಿಷಯದಲ್ಲಿ ಬಹಳ ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರಲ್ಲೇ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಒಂದು ಸರ್ಕಾರ ತಾನೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಬಹಳ ಮೊದಲಿನದು. ಆಗ ಅದು ಬೇಕಾದವರು ಬಂದು ಪಡೆಯುವ ಸೌಲಭ್ಯ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಇಡೀ ದೇಶಕ್ಕೇ ಕುಟುಂಬ ಯೋಜನೆ ಬಂತು. ಬರಬರುತ್ತಾ ಸೌಲಭ್ಯ ಹೋಗಿ ಗುರಿ ಬಂತು, ಇಷ್ಟು ಆಪರೇಷನ್ ಆಗಲೇಬೇಕು ಅನ್ನುವ ಗುರಿ. ತುರ್ತು ಪರಿಸ್ಥಿತಿಯಲ್ಲಿ ಒಂದೇ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಅದರಲ್ಲಿ ಬಹುಪಾಲು ಗಂಡಸರು. 1977ರ ಚುನಾವಣೆಯಲ್ಲಿ ಆ ಸರ್ಕಾರ ಸೋತಿತು. ಅಲ್ಲಿಂದ ಮುಂದೆ ಗಂಡಸರ ಆಪರೇಷನ್ ಅಂದರೆ ರಾಜಕಾರಣಿಗಳಿಗೆ ಭಯ. ಇಡೀ ಕಾರ್ಯಕ್ರಮ ಸದ್ದಿಲ್ಲದೆ ಹೆಂಗಸರ ಕಡೆ ತಿರುಗಿತು.

ಅದರ ಫಲ ಈಗಲೂ ಅಂಕಿಯಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57ರಷ್ಟು ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ 2019-21ರ ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ದೇಶದ ಮಟ್ಟದಲ್ಲೂ ನೂರಕ್ಕೆ 0.3. ಗಂಡಸರದ್ದು ಹೊಟ್ಟೆ ಕೊಯ್ಯದೆ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ, ಅವತ್ತೇ ಮನೆಗೆ ಹೋಗಬಹುದು. ಆದರೂ ಹೀಗೆ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಇಂಥ ಶಿಬಿರಗಳಿಗೆ ಹೋದ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಎರಡು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಈ ಶಿಬಿರ ಪದ್ಧತಿಯನ್ನೇ ನಿಲ್ಲಿಸಿ ಎಂದು ಹೇಳಬೇಕಾಯಿತು.

ಸಾಕು ಅಂದಾಗ ಅವಳ ಹೊಟ್ಟೆ ಕೊಯ್ದರು. ಈಗ ಬೇಕು ಅನ್ನುವಾಗಲೂ ಅವಳ ಹೊಟ್ಟೆಯನ್ನೇ ನೋಡುತ್ತಿದ್ದಾರೆ. ನಿನಗೇನು ಬೇಕು ಅನ್ನುವ ಪ್ರಶ್ನೆ ಆಗಲೂ ಬರಲಿಲ್ಲ, ಈಗಲೂ ಬರುತ್ತಿಲ್ಲ. ನನ್ನ ಅಜ್ಜಿ ಎಂಟು ಹೆತ್ತವಳು, ಐದು ಉಳಿದವು. ಬೇಕೋ ಬೇಡವೋ ಅಂತ ಯಾರಾದರೂ ನಿನ್ನ ಕೇಳಿದ್ರಾ ಅಜ್ಜಿ ಅಂತ ಒಮ್ಮೆ ಕೇಳಿದ್ದೆ. ಪ್ರಶ್ನೆಯೇ ಅವಳಿಗೆ ಅರ್ಥವಾಗಲಿಲ್ಲ. "ಕೇಳೋದೇನೇ ಅದರಲ್ಲಿ?" ಅಂದಳು.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. ಮಗು ಹೆರುವ, ಹೆರದೆ ಇರುವ ನಿರ್ಧಾರ ಸಂವಿಧಾನದ 21ನೇ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. 2022ರಲ್ಲಿ, ಮದುವೆಯಾಗಿಲ್ಲ ಅನ್ನುವ ಕಾರಣಕ್ಕೆ ಗರ್ಭಪಾತದ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದೂ ಹೇಳಿತು. ಆದರೆ ಊಟದ ಸಾಲಿನಲ್ಲಿ 21ನೇ ವಿಧಿ ನಡೆಯುವುದಿಲ್ಲ. ಅಲ್ಲಿ ನಡೆಯುವುದು ಋಣದ ಮಾತು.

ಈ ಋಣ ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಅಂತ ಮೂರು ಸಾಲ ಹೊತ್ತು ಬರುತ್ತಾನೆ, ಪಿತೃಋಣ ತೀರುವುದು ಸಂತಾನದಿಂದ ಅನ್ನುವುದು ಹಳೆಯ ನಂಬಿಕೆ. ಅಪುತ್ರಸ್ಯ ಗತಿರ್ನಾಸ್ತಿ, ಮಗನಿಲ್ಲದವನಿಗೆ ಗತಿಯಿಲ್ಲ ಅನ್ನುವ ಮಾತು ಸಂಸ್ಕೃತ ಬಾರದವರ ಬಾಯಲ್ಲೂ ಇದೆ. ಹೆತ್ತ ಋಣ, ಸಾಕಿದ ಋಣ, ಎದೆಹಾಲಿನ ಋಣ ಅಂತ ಬೇರೆ ಹೇಳುತ್ತೇವೆ. ಎಲ್ಲದರಲ್ಲೂ ಸಾಲಗಾರ ಯಾರು? ಹುಟ್ಟಿದ ಮಗು. ಹೀಗೆ ಸಾಲ ಬರೆದುಕೊಟ್ಟವನು ಯಾರು? ಅದಕ್ಕೆ ಉತ್ತರ ಇಲ್ಲ. ಆ ಮಗು ಹುಟ್ಟಿಸಿ ಅಂತ ಕೇಳಿರಲಿಲ್ಲ.

ಮಕ್ಕಳು ಯಾಕೆ ಬೇಕು ಅನ್ನುವುದಕ್ಕೆ ಜನ ಕೊಡುವ ಕಾರಣಗಳನ್ನು ಈ ಕಣ್ಣಿನಿಂದ ನೋಡಿ. ವಂಶ ಮುಂದುವರಿಯಬೇಕು. ಮುದಿ ವಯಸ್ಸಿಗೆ ಆಸರೆ ಬೇಕು. ಮೊದಲ ಮಗುವಿಗೆ ಜೊತೆ ಬೇಕು. ಗಂಡ ಹೆಂಡತಿ ಜಗಳ ಆಡುತ್ತಿದ್ದಾರೆ, ಒಂದು ಮಗು ಆದರೆ ಸರಿಹೋಗುತ್ತದೆ. ನಮ್ಮ ಜಾತಿಯವರು ಕಡಿಮೆಯಾಗುತ್ತಿದ್ದಾರೆ. ನಾಡಿಗೆ ದುಡಿಯುವ ಕೈ ಬೇಕು, ದೆಹಲಿಯಲ್ಲಿ ಸೀಟು ಬೇಕು. ಇವೆಲ್ಲಾ ಇನ್ನೂ ಹುಟ್ಟದ ಒಂದು ಜೀವದ ಹೆಸರಿನಲ್ಲಿ ನಾವು ಎತ್ತುವ ಸಾಲ. ಅದು ಹುಟ್ಟಿ, ಬೆಳೆದು, ನಮ್ಮ ಬಾಕಿ ತೀರಿಸಬೇಕು. ನನಗೆ ಇದು ತಪ್ಪು ಅನ್ನಿಸುತ್ತದೆ. ಬೇರೆ ಯಾವ ಸಂಬಂಧದಲ್ಲೂ ನಾವು ಇದನ್ನು ಒಪ್ಪುವುದಿಲ್ಲ. ಒಬ್ಬರ ಒಪ್ಪಿಗೆ ಕೇಳದೆ ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಸಾಲ ತೆಗೆದರೆ ಅದಕ್ಕೆ ಮೋಸ ಅನ್ನುತ್ತೇವೆ.

ಮುದಿ ವಯಸ್ಸಿನ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯಾಕೆಂದರೆ ಅದು ಸ್ವಾರ್ಥದಿಂದ ಅಲ್ಲ, ಭಯದಿಂದ ಬರುವ ಮಾತು. ನಮ್ಮಲ್ಲಿ ಕೂಲಿ ಮಾಡಿ ಬದುಕಿದವರಿಗೆ ವಯಸ್ಸಾದ ಮೇಲೆ ಏನಿದೆ? ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಬಿಪಿ, ಶುಗರ್ ಮಾತ್ರೆಗೇ ಅದು ಮುಗಿಯುತ್ತದೆ. ಹಾಗಿರುವಾಗ ಒಬ್ಬ ಮಗನಾದರೂ ಇರಲಿ ಅನ್ನುವ ತಾಯಿಗೆ ನೀತಿ ಹೇಳುವ ಯೋಗ್ಯತೆ ಯಾರಿಗೂ ಇಲ್ಲ. ತಂದೆ ತಾಯಿಯನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವುದಕ್ಕೆ 2007ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ಮಕ್ಕಳಿದ್ದರೆ ಆಸರೆ ಗ್ಯಾರಂಟಿ ಅನ್ನುವ ನಂಬಿಕೆ ಎಷ್ಟು ಗಟ್ಟಿ ಅಂತ ಅದರಿಂದಲೇ ಗೊತ್ತಾಗುತ್ತದೆ. ಸರ್ಕಾರ ತಾನು ಹೊರಬೇಕಾದ ಮುದಿತನದ ಭಾರವನ್ನು ಮಕ್ಕಳ ಮೇಲೆ ಹಾಕಿದೆ. ಆಮೇಲೆ ಅದೇ ಭಾರ ತೋರಿಸಿ ಇನ್ನಷ್ಟು ಮಕ್ಕಳನ್ನು ಹೆರಿ ಅನ್ನುತ್ತಿದೆ.

ಕನ್ನಡ ಉಳಿಯಬೇಕು, ಅದಕ್ಕೆ ಕನ್ನಡಿಗರು ಜಾಸ್ತಿ ಮಕ್ಕಳು ಮಾಡಿಕೊಳ್ಳಬೇಕು ಅಂತ ಬರೆಯುವವರೂ ಇದ್ದಾರೆ. ಅವರ ಕಾಳಜಿ ನನ್ನದೂ ಹೌದು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ. ಭಾಷೆ ಸೊರಗುತ್ತಿರುವುದು ಕನ್ನಡಿಗರ ಮನೆಯಲ್ಲಿ ತೊಟ್ಟಿಲು ಕಡಿಮೆಯಾಗಿ ಅಲ್ಲ. ಇರುವ ಒಂದು ಮಗುವಿನ ಜೊತೆಯೂ ನಾವು ಮನೆಯಲ್ಲಿ ಇಂಗ್ಲಿಷ್ ಆಡುತ್ತಿದ್ದೇವೆ. ಮೊದಲು ಅದನ್ನು ಸರಿಮಾಡಿಕೊಳ್ಳೋಣ.

ಇನ್ನು ಕೆಲವು ಸಲ ಮಗು ಬೇಕು ಅಂದರೆ ಗಂಡು ಮಗು ಬೇಕು ಅಂತಲೇ ಅರ್ಥ. 2023ರ ಕೊನೆಗೆ ಪೊಲೀಸರು ಭ್ರೂಣಹತ್ಯೆಯ ಜಾಲ ಹಿಡಿದಾಗ, ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿದ್ದುದು ಹೊರಬಂತು. ಬೆಲ್ಲ ಬೇಯುವ ಜಾಗದಲ್ಲಿ. ಲಿಂಗ ಪತ್ತೆ ತಡೆಯುವ ಕಾನೂನು ಬಂದದ್ದು 1994ರಲ್ಲಿ. ಸಂಸಾರ ಚಿಕ್ಕದಾದ ಹಾಗೆಲ್ಲಾ, ಇರುವ ಒಂದೋ ಎರಡೋ ಅವಕಾಶದಲ್ಲಿ ಗಂಡೇ ಆಗಲಿ ಅನ್ನುವ ಒತ್ತಡ ಕೆಲವು ಮನೆಗಳಲ್ಲಿ ಜಾಸ್ತಿಯೇ ಆಗಿದೆ. ಕಡಿಮೆ ಮಕ್ಕಳು ಅಂದ ಮಾತ್ರಕ್ಕೆ ಮನಸ್ಸು ದೊಡ್ಡದಾಯಿತು ಅಂತ ಅಲ್ಲ.

ಈ ದಾರಿಯ ಇನ್ನೊಂದು ತುದಿಗೂ ಹೋಗಿ ನೋಡಬೇಕು. ಮಕ್ಕಳನ್ನು ಹುಟ್ಟಿಸುವುದೇ ತಪ್ಪು ಅನ್ನುವವರಿದ್ದಾರೆ. 2019ರಲ್ಲಿ ಮುಂಬೈನ ರಾಫೆಲ್ ಸ್ಯಾಮ್ಯುಯೆಲ್ ಎಂಬ ಯುವಕ, ನನ್ನ ಒಪ್ಪಿಗೆ ಇಲ್ಲದೆ ನನ್ನನ್ನು ಹುಟ್ಟಿಸಿದ್ದೀರಿ ಅಂತ ವಕೀಲರಾಗಿದ್ದ ತನ್ನ ತಂದೆ ತಾಯಿಯ ಮೇಲೇ ಕೇಸು ಹಾಕುತ್ತೇನೆ ಎಂದು ಹೇಳಿ ಜಗತ್ತಿನಾದ್ಯಂತ ಸುದ್ದಿಯಾದ. ಅನೇಕರು ನಕ್ಕರು. ಆದರೆ ಇದರ ಹಿಂದೆ ಗಂಭೀರವಾದ ವಾದ ಇದೆ. ದಕ್ಷಿಣ ಆಫ್ರಿಕಾದ ತತ್ವಶಾಸ್ತ್ರಜ್ಞ ಡೇವಿಡ್ ಬೆನಟಾರ್ ಅದನ್ನು ಹೀಗೆ ಮುಂದಿಡುತ್ತಾರೆ: ಒಬ್ಬ ಹುಟ್ಟದಿದ್ದರೆ ಅವನ ನೋವು ತಪ್ಪುತ್ತದೆ, ಅದು ಒಳ್ಳೆಯದೇ. ಅವನಿಗೆ ಸಿಗಬೇಕಿದ್ದ ಸುಖವೂ ತಪ್ಪುತ್ತದೆ. ಆದರೆ ಅಯ್ಯೋ ಕಳಕೊಂಡೆ ಅನ್ನುವುದಕ್ಕೆ ಅಲ್ಲಿ ಯಾರೂ ಇಲ್ಲ, ಹಾಗಾಗಿ ಅದು ಕೆಟ್ಟದ್ದಲ್ಲ. ಈ ತೂಕದಲ್ಲಿ ಹುಟ್ಟದಿರುವುದೇ ಯಾವತ್ತೂ ಮೇಲು.

ಈ ವಾದವನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದೇನೆ. ನಾನು ಒಪ್ಪುವುದಿಲ್ಲ. ನೋವನ್ನು ಒಂದು ತಕ್ಕಡಿಯಲ್ಲಿ, ಸುಖವನ್ನು ಇನ್ನೊಂದರಲ್ಲಿ ತೂಗುವುದು ಯಾಕೆ? ಹುಟ್ಟದವನಿಗೆ ತಪ್ಪಿದ ಸುಖ ಲೆಕ್ಕಕ್ಕಿಲ್ಲ ಅಂದರೆ ತಪ್ಪಿದ ನೋವೂ ಲೆಕ್ಕಕ್ಕಿಲ್ಲ ಅನ್ನಬೇಕಲ್ವಾ? ಅದೂ ಅಲ್ಲದೆ ಬಹಳ ಕಷ್ಟ ಪಟ್ಟವರೂ ತಮ್ಮ ಬದುಕನ್ನು ಬೇಡ ಅನ್ನುವುದಿಲ್ಲ. ಮೂರು ಮಕ್ಕಳನ್ನು ಮಣ್ಣು ಮಾಡಿದ ನನ್ನ ಅಜ್ಜಿ ಪ್ರತಿ ಯುಗಾದಿಗೂ ಮಾವಿನೆಲೆ ತೋರಣ ತಾನೇ ಕಟ್ಟುತ್ತಿದ್ದಳು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಆದರೆ ಆ ವಾದದ ಒಂದು ತುಣುಕು ಮಾತ್ರ ನನ್ನೊಳಗೆ ಉಳಿದುಬಿಟ್ಟಿತು. ಯಾರೂ ಕೇಳಿ ಹುಟ್ಟುವುದಿಲ್ಲ. ಹಾಗಾದರೆ ಸಾಲಗಾರರು ಹುಟ್ಟಿದವರಲ್ಲ, ಹುಟ್ಟಿಸಿದವರು. ಹೆತ್ತ ಋಣ ಅನ್ನುವುದು ನಿಜ, ಆದರೆ ಅದು ಹೆತ್ತವರ ಮೇಲಿರುವ ಋಣ. ನಾವೇ ಕರೆದು ತಂದ ಅತಿಥಿಗೆ ಅನ್ನ, ಅಕ್ಷರ, ಆರೋಗ್ಯ, ಹೊಡೆತವಿಲ್ಲದ ಮನೆ ಇಷ್ಟನ್ನು ಕೊಡಬೇಕು. ಅದು ನಮಗೆ ಏನನ್ನೂ ವಾಪಸ್ ಕೊಡದೆ ಹೋದರೂ ಸರಿ ಅನ್ನುವ ಮನಸ್ಸು ಇರಬೇಕು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ ಅಂತ ಒಂದು ಗಾದೆ ಇದೆಯಲ್ಲ, ಅದು ನಮ್ಮ ಜವಾಬ್ದಾರಿಯನ್ನು ದೇವರ ತಲೆಗೆ ಕಟ್ಟುವ ಮಾತು.

ಭೂಮಿ ಬಿಸಿಯಾಗುತ್ತಿದೆ, ಇಂಥ ಕಾಲದಲ್ಲಿ ಮಗು ಬೇಡ ಅನ್ನುವ ಯುವಕರೂ ಬೆಂಗಳೂರಿನಲ್ಲಿ ಸಿಗುತ್ತಾರೆ. 2024ರ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾದವರಿಗೆ ಆ ಭಯ ಅರ್ಥವಾಗುತ್ತದೆ. ಮಗು ಎಂಥ ಲೋಕಕ್ಕೆ ಬರುತ್ತದೆ ಅನ್ನುವ ಅವರ ಚಿಂತೆಗೆ ನನ್ನ ಗೌರವ ಇದೆ. ಆದರೆ ಮಗು ಹೆರುವುದು ಪರಿಸರಕ್ಕೆ ಮಾಡುವ ಪಾಪ ಅನ್ನುವುದನ್ನು ಒಪ್ಪಲಾರೆ. ಸರಾಸರಿ ಭಾರತೀಯನಿಂದ ವರ್ಷಕ್ಕೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದವನದ್ದು ಸುಮಾರು 14. ರಾಯಚೂರಿನ ಕೂಲಿಯವಳ ಮೂರನೇ ಮಗುವಿಗೂ ಈ ಸೆಕೆಗೂ ಸಂಬಂಧ ಕಟ್ಟುವುದು ಅನ್ಯಾಯ.

ಹಾಗಂತ ಮಕ್ಕಳು ಬೇಡ ಅನ್ನುವವರನ್ನು ಸ್ವಾರ್ಥಿಗಳು ಅನ್ನುವ ಮಾತಿಗೂ ನಾನು ಅಡ್ಡ ನಿಲ್ಲುತ್ತೇನೆ. ಸ್ವಾರ್ಥ ಅನ್ನಬೇಕಾದರೆ ಯಾರಿಗಾದರೂ ತೊಂದರೆ ಆಗಿರಬೇಕು. ನನ್ನ ನಾದಿನಿ ಹೆರದೆ ಇದ್ದುದರಿಂದ ತೊಂದರೆಯಾದ ಮಗು ಎಲ್ಲಿದೆ? ಅವಳಿಗೆ ಹೆರುವುದು ಬೇಡವಾದರೆ ದತ್ತು ತೆಗೆದುಕೊಳ್ಳಬಹುದಲ್ಲ ಅನ್ನುತ್ತಾರೆ. ಅವಳಿಗೆ ಬೇಡ ಅಂದಮೇಲೆ ಬೇಡ. ದತ್ತು ಸುಲಭದ ದಾರಿಯೂ ಅಲ್ಲ. ದೇಶದಲ್ಲಿ ಕಾನೂನು ಪ್ರಕಾರ ವರ್ಷಕ್ಕೆ ದತ್ತು ಹೋಗುವ ಮಕ್ಕಳು ನಾಲ್ಕೈದು ಸಾವಿರ, ಕಾಯುತ್ತಿರುವ ಪಾಲಕರು 30 ಸಾವಿರಕ್ಕೂ ಹೆಚ್ಚು. ಸಾಲುಮರದ ತಿಮ್ಮಕ್ಕನನ್ನು ನೆನೆಸಿಕೊಳ್ಳಿ. ಹುಲಿಕಲ್‌ನಿಂದ ಕುದೂರಿನ ಕಡೆಗೆ ನೂರಾರು ಆಲದ ಗಿಡ ನೆಟ್ಟು, ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು. ಅವರ ಬಗ್ಗೆ ಯಾರೇ ಹೇಳಿದರೂ ಮೊದಲ ಸಾಲು ಮಾತ್ರ ಒಂದೇ: ಮಕ್ಕಳಿರಲಿಲ್ಲ, ಅದಕ್ಕೆ ಮರಗಳನ್ನೇ ಮಕ್ಕಳೆಂದುಕೊಂಡರು. ಅವರೇ ಹಾಗೆ ಹೇಳಿಕೊಂಡದ್ದೂ ಉಂಟು, ಅದು ಅವರ ಹಕ್ಕು. ಆದರೆ ಅಷ್ಟು ದೊಡ್ಡ ಕೆಲಸ ಮಾಡಿದ ಹೆಂಗಸನ್ನೂ ತಾಯಿ ಅಂತ ಕರೆಯದೆ ಹೊಗಳಲು ನಮಗೆ ಬರುವುದಿಲ್ಲವಲ್ಲ ಅನ್ನಿಸಿ ಬೇಸರವಾಗುತ್ತದೆ.

ಇಲ್ಲಿಯ ತನಕ ಬೇಡ ಅನ್ನುವವರ ಮಾತಾಯಿತು. ಬೇಕು ಅಂದರೂ ಆಗದವರ ಕಥೆ ಇದಕ್ಕಿಂತ ದೊಡ್ಡದು, ಆದರೆ ಅದನ್ನು ಯಾರೂ ಸ್ವಾತಂತ್ರ್ಯದ ಪ್ರಶ್ನೆ ಅಂತ ನೋಡುವುದಿಲ್ಲ. 2017ರಿಂದ ಹೆರಿಗೆ ರಜೆ 26 ವಾರ ಆಗಿದೆ, ಸರಿ. ಆದರೆ ಇಎಸ್‌ಐ ವಿಮೆ ಇಲ್ಲದ ಕಡೆ ಅದರ ಸಂಬಳ ಪೂರ್ತಿ ಕೊಡಬೇಕಾದದ್ದು ಮಾಲೀಕ. ಹಾಗಾಗಿ ಸಣ್ಣ ಕಂಪನಿಗಳು ಇಂಟರ್‌ವ್ಯೂನಲ್ಲೇ ಮದುವೆ ಯಾವಾಗ ಅಂತ ಕೇಳುತ್ತವೆ. ನನ್ನನ್ನೂ ಕೇಳಿದ್ದರು. ಮನೆಗೆಲಸದವರಿಗೆ, ಕಟ್ಟಡ ಕೆಲಸದವರಿಗೆ ಆ 26 ವಾರ ಕೈಗೆ ಸಿಗುವುದೇ ಅಪರೂಪ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಅನ್ನುತ್ತದೆ ಕಾನೂನು. ಎಷ್ಟು ಕಡೆ ನೋಡಿದ್ದೀರಿ? ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆ ನಿಜಕ್ಕೂ ಒಳ್ಳೆಯ ಹೆಜ್ಜೆ. ಬೆಂಗಳೂರಿನ ಗಾರ್ಮೆಂಟ್ಸ್ ಹುಡುಗಿಯರು ಮಾತ್ರ ಈಗಲೂ ಮಗುವನ್ನು ಊರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದು ವಿಡಿಯೊ ಕಾಲ್‌ನಲ್ಲಿ ಬೆಳೆಸುತ್ತಿದ್ದಾರೆ. ಇಂಥವರಿಗೆ ಇನ್ನೊಂದು ಹೆರಿ ಅನ್ನುವುದು ಕ್ರೂರ.

ಮನೆಯೊಳಗಿನ ಲೆಕ್ಕವೂ ಬದಲಾಗಿಲ್ಲ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಸಮಯ 289 ನಿಮಿಷ, ಗಂಡಸರು 88. ಮಗು ಬೇಕು ಅನ್ನುವ ಓಟು ಮನೆಯಲ್ಲಿ ಎಲ್ಲರಿಗೂ ಇದೆ, ರಾತ್ರಿ ಮೂರು ಗಂಟೆಗೆ ಏಳುವವಳು ಒಬ್ಬಳೇ. ಮಗು ಕಡಿಮೆಯಾದ ದೇಶಗಳು ದುಡ್ಡು ಕೊಟ್ಟು ನೋಡಿವೆ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ಕೋಟಿ ಕೋಟಿ ಸುರಿಯಿತು, 2023ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಮಕ್ಕಳ ಸರಾಸರಿ 0.72ಕ್ಕೆ ಇಳಿಯಿತು. ಚೀನಾ 1980ರ ಹೊತ್ತಿಗೆ ಒಂದೇ ಸಾಕು ಅಂದು, 2021ರಲ್ಲಿ ಮೂರು ಮಾಡಿಕೊಳ್ಳಿ ಅಂದಿತು. ಅಲ್ಲಿನ ಹೆಂಗಸರು ಕೇಳಲಿಲ್ಲ.

ನಾವು ಎರಡನೆಯದು ಬೇಡ ಅಂತ ನಿರ್ಧರಿಸಿದ್ದು ಮಗಳಿಗೆ ಐದು ವರ್ಷವಾದಾಗ. ಸುಲಭದ ನಿರ್ಧಾರ ಆಗಿರಲಿಲ್ಲ, ನನಗೆ ಆಸೆ ಇತ್ತು. ಆದರೆ ನನ್ನ ಮೊದಲ ಹೆರಿಗೆ, ಆಮೇಲಿನ ಒಂದು ವರ್ಷದ ಕತ್ತಲೆ ನೆನೆಸಿಕೊಂಡು, ಮಗಳಿಗೆ ಜೊತೆ ಕೊಡುವುದಕ್ಕಾಗಿ ಮಾತ್ರ ಇನ್ನೊಂದು ಜೀವವನ್ನು ಕರೆಯುವುದು ಬೇಡ ಅನ್ನಿಸಿತು. ಹಾಗೆ ಬಂದ ಮಗು ಯಾವತ್ತಾದರೂ ನಾನು ಯಾಕೆ ಬಂದೆ ಅಂತ ಕೇಳಿದರೆ, ಅಕ್ಕನಿಗೋಸ್ಕರ ಅಂತ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಗಂಡ ತಾನೇ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದ. ಆಸ್ಪತ್ರೆಯಲ್ಲಿ ಫಾರಂ ಬರೆಯುವಾಗ ಸಿಸ್ಟರ್ ಎರಡು ಸಲ ಕೇಳಿದರು, "ಮೇಡಂಗೆ ತಾನೇ?" ಅಂತ. ಅಲ್ಲ, ನನಗೆ ಅಂದ. ಮಧ್ಯಾಹ್ನ ಆಟೊದಲ್ಲಿ ಮನೆಗೆ ಬಂದೆವು.

ಅತ್ತೆ ಎರಡು ದಿನ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಾಫಿ ತಂದು ಅವನ ಮಂಚದ ಪಕ್ಕ ಇಟ್ಟು, "ನೋವಿದೆಯೇನೋ?" ಅಂದರು. ಇಲ್ಲಮ್ಮ ಅಂದ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. "ನಿನ್ನ ತಂಗಿ ಹುಟ್ಟಿದ ಮೇಲೆ ನನಗೆ ಮಾಡಿಸಿದ್ರಲ್ಲ, ಆಗ ನಿಮ್ಮಪ್ಪ ಆಸ್ಪತ್ರೆ ಗೇಟಿನ ತನಕವೂ ಬಂದಿರ್ಲಿಲ್ಲ ಕಣೋ" ಅಂತ ಹೇಳಿ ಲೋಟ ಅವನ ಕೈಗೆ ಕೊಟ್ಟು ಒಳಗೆ ಹೋದರು.